ಮೂಳೆ-ಸ್ನಾಯು ಅಸೆಸ್‌ಮೆಂಟಿಗೆ ಐದು ‘ಪಿ’ ಬಾಯಿಪಾಠ ಮಾಡಿದರೆ ಸಾಕಾ?

ನರ್ಸಿಂಗ್ ಪ್ರಾಕ್ಟಿಕಲ್ ಹತ್ತಿರ ಬಂತು, ಐದು ‘ಪಿ’ಗಳನ್ನೂ ಕೀಲುಗಳ ಡಿಗ್ರಿಗಳನ್ನೂ ಬಾಯಿಪಾಠ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಐದು ‘ಪಿ’ ಅಂದರೆ ಕೈಕಾಲಿಗೆ ರಕ್ತ ಸಾಲದಿದ್ದಾಗ ಕಾಣುವ, ಇಂಗ್ಲಿಷಿನಲ್ಲಿ ‘P’ಯಿಂದ ಶುರುವಾಗುವ ಐದು ಲಕ್ಷಣಗಳು: ನೋವು, ಬಿಳಿಚುವುದು, ನಾಡಿ ಸಿಗದಿರುವುದು, ಜೋಮು, ಅಲುಗಾಡಿಸಲು ಆಗದಿರುವುದು. ಐದೂ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿದ್ದವು.

ಕೆಲಸಕ್ಕೆ ಸೇರಿದ ಹೊಸತು. ಆರ್ಥೋ ವಾರ್ಡಿನಲ್ಲಿ ನೈಟ್ ಡ್ಯೂಟಿ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡ ಹುಡುಗನೊಬ್ಬನಿಗೆ ಸಂಜೆಯಷ್ಟೇ ಸ್ಲ್ಯಾಬ್, ಅಂದರೆ ಅರ್ಧ ಸುತ್ತಿನ ಪ್ಲಾಸ್ಟರ್ ಕಟ್ಟು, ಹಾಕಿದ್ದರು. ರಾತ್ರಿ ಅವನ ತಾಯಿ ಬಂದು, “ಸಿಸ್ಟರ್, ತಡ್ಕೊಳ್ಳಕ್ಕಾಗ್ತಿಲ್ಲ ಅಂತಾನೆ, ಸ್ವಲ್ಪ ನೋಡಿ” ಅಂದರು. ಹೋದೆ. ಪಾದದ ಮೇಲೆ ಬೆರಳಿಟ್ಟೆ, ನಾಡಿ ಚೆನ್ನಾಗಿ ಸಿಕ್ಕಿತು. ಉಗುರು ಒತ್ತಿ ಬಿಟ್ಟೆ, 2 ಸೆಕೆಂಡಿನೊಳಗೆ ಬಣ್ಣ ಬಂತು. ಕಾಲು ಬೆಚ್ಚಗಿತ್ತು. “ಮೂಳೆ ಮುರಿದಿದೆ ಅಲ್ವಾ ಅಮ್ಮ, ನೋವು ಇರುತ್ತೆ” ಅಂದು, ಬರೆದಿದ್ದ ನೋವಿನ ಇಂಜೆಕ್ಷನ್ ಕೊಟ್ಟು, ಕಾಲಿನ ಕೆಳಗೆ ಇನ್ನೊಂದು ದಿಂಬು ಸೇರಿಸಿ ಎತ್ತರ ಮಾಡಿದೆ. ಕೇಸ್ ಶೀಟಿನಲ್ಲಿ ‘ನಾಡಿ ಇದೆ, ಕಾಲು ಬೆಚ್ಚಗಿದೆ’ ಅಂತ ಬರೆದೆ. ಆ ತಾಯಿ ಮತ್ತೆ ಬಂದರು. ನಾನು ಮತ್ತೆ ನಾಡಿಯನ್ನೇ ನೋಡಿದೆ.

ಬೆಳಿಗ್ಗೆ ಬಂದ ಹಿರಿಯ ಸಿಸ್ಟರ್ ನಾಡಿಯನ್ನು ಮುಟ್ಟಲೂ ಇಲ್ಲ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದಿಯಲ್ಲಿ ಹತ್ತಿ ಆಡಿಸಿ, “ಗೊತ್ತಾಗುತ್ತಾ ಮಗಾ?” ಅಂದರು. ಅವನು ಇಲ್ಲವೆಂದು ತಲೆಯಾಡಿಸಿದ. ಹೆಬ್ಬೆರಳನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದರು, ಅಷ್ಟೇ. ಇಡೀ ವಾರ್ಡು ಎದ್ದು ಕೂರುವಂತೆ ಚೀರಿದ. ಅವರು ಅಲ್ಲಿಂದಲೇ ಡಾಕ್ಟರನ್ನು ಕರೆಸಿದರು. ಕಾಲಿನ ಪೊರೆ ಸೀಳುವ ಆಪರೇಷನ್ ಅವತ್ತೇ ಆಯಿತು, ಆದರೆ ತಡವಾಗಿತ್ತು. ಪಾದ ಮೇಲೆತ್ತುವ ಶಕ್ತಿ ಅವನಿಗೆ ಮರಳಲಿಲ್ಲ. ನನಗೆ ಮೆಮೊ ಬಂತು, ವಿಚಾರಣೆ ನಡೆಯಿತು. ಹೊಸಬಳು ಅಂತ ಬಿಟ್ಟರು. ಅವನ ಕಾಲಿಗೆ ಆ ರಿಯಾಯಿತಿ ಇರಲಿಲ್ಲ.

ನಾನು ಎಲ್ಲಿ ಎಡವಿದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ಮೊಣಕಾಲ ಕೆಳಗಿನ ಸ್ನಾಯುಗಳು 4 ಚೀಲಗಳಲ್ಲಿವೆ. ಚೀಲದ ಪೊರೆ ಹಿಗ್ಗುವುದಿಲ್ಲ. ಒಳಗೆ ರಕ್ತ, ಊತ ತುಂಬಿದರೆ ಒತ್ತಡ ಏರಿ ಮೊದಲು ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಬಿಪಿಯ ಕೆಳಗಿನ ಅಂಕಿಗೂ ಚೀಲದ ಒತ್ತಡಕ್ಕೂ ಅಂತರ 30ಕ್ಕಿಂತ ಕಡಿಮೆಯಾದರೆ ಅಪಾಯ ಅಂತ ಲೆಕ್ಕ. ಬಿಪಿ 120/80 ಇರುವವರ ಚೀಲದಲ್ಲಿ ಒತ್ತಡ 55 ಆಗಿದೆ ಅಂದುಕೊಳ್ಳಿ. ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ. ಆದರೆ ದೊಡ್ಡ ನಾಳದಲ್ಲಿ 120ರ ಒತ್ತಡದಲ್ಲಿ ರಕ್ತ ಹರಿಯುತ್ತಲೇ ಇದೆ! ನಾಡಿ ಸಿಗದೇ ಇರುತ್ತಾ? ಐದು ‘ಪಿ’ಗಳು ಒಟ್ಟಿಗೆ ಬರುವುದಿಲ್ಲ. ನೋವು ಮೊದಲು, ಆಮೇಲೆ ಜೋಮು. ನಾಡಿ ಹೋಗುವುದು ಕೊನೆಗೆ, ಎಷ್ಟೋ ಸಲ ಹೋಗುವುದೇ ಇಲ್ಲ. ಸುಮಾರು 6 ಗಂಟೆ ರಕ್ತವಿಲ್ಲದಿದ್ದರೆ ಸ್ನಾಯು ವಾಪಸ್ ಬರುವುದು ಕಷ್ಟ. ನಾನು ಕೊನೆಯ ಲಕ್ಷಣ ಬರಲಿ ಅಂತ ಕಾದು ಕೂತಿದ್ದೆ. ದಿಂಬೂ ತಪ್ಪೇ. ಬರೀ ಊತಕ್ಕೆ ಕಾಲು ಎತ್ತರಿಸುವುದು ಸರಿ. ಇಂಥ ಅನುಮಾನ ಬಂದಾಗ ಎತ್ತರಿಸಿದರೆ ಹರಿಯುವ ಅಷ್ಟಿಷ್ಟು ರಕ್ತವೂ ಕಡಿಮೆಯಾಗುತ್ತೆ. ಹೃದಯದ ಮಟ್ಟದಲ್ಲೇ ಇಡಬೇಕು.

ಬಿಗಿ ಕಟ್ಟಿನಿಂದ ಕೈ ಸೆಟೆದುಹೋಗುವುದನ್ನು ಜರ್ಮನಿಯ ಸರ್ಜನ್ ರಿಚರ್ಡ್ ವಾನ್ ವೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ನಮ್ಮ ಊರುಗಳಲ್ಲಿ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ನಾಟಿ ಕಟ್ಟು ಹಾಕಿಸಿಕೊಂಡು ಬರುವವರಲ್ಲೂ ಇದನ್ನು ನೋಡುತ್ತೀರಿ. ಮಕ್ಕಳಾದರೆ ಇನ್ನೂ ಹುಷಾರು. ಅವರು ಜೋಮು ಅಂತ ಹೇಳುವುದಿಲ್ಲ, ಸುಮ್ನೆ ರಚ್ಚೆ ಹಿಡಿಯುತ್ತಾರೆ.

ಡಿಗ್ರಿಗಳ ವಿಷಯ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತೆ ಅಂತ ವೈವಾದಲ್ಲಿ ಕೇಳುತ್ತಾರೆ, ಓದಿಕೊಳ್ಳಿ. ವಾರ್ಡಿನಲ್ಲಿ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಹಿಡಿಯುವುದು ಹೆಚ್ಚಾಗಿ ಫಿಸಿಯೋದವರು. ಸ್ನಾಯು ಶಕ್ತಿಯ 0ಯಿಂದ 5ರ ಅಳತೆಯಲ್ಲಿ 3ನ್ನು ಗಟ್ಟಿ ಮಾಡಿಕೊಳ್ಳಿ: ಅಂದರೆ ಎದುರಿನಿಂದ ನಾವು ಒತ್ತದಿದ್ದರೆ ತಾನಾಗಿ ಮೇಲೆತ್ತಬಲ್ಲರು. ಮುರಿದ ಕಾಲನ್ನು ಒತ್ತಿ ಹಿಡಿದು ಶಕ್ತಿ ನೋಡಲು ಹೋಗಬೇಡಿ. ನೋಡು, ಮುಟ್ಟು, ಆಡಿಸು, ಇದೇ ಕ್ರಮ. ಯಾವಾಗಲೂ ಚೆನ್ನಾಗಿರುವ ಕಾಲಿನಿಂದಲೇ ಶುರು ಮಾಡಿ. ಸರಿಯಾದದ್ದು ಹೇಗಿರುತ್ತೆ ಅಂತ ಗೊತ್ತಾಗದೆ ಕೆಟ್ಟದ್ದು ಗೊತ್ತಾಗಲ್ಲ.

ಕೈಗೆ ಪ್ಲಾಸ್ಟರ್ ಹಾಕಿದ್ದರೆ ತೋರುಬೆರಳ ತುದಿ, ಕಿರುಬೆರಳ ತುದಿ, ಹೆಬ್ಬೆರಳು-ತೋರುಬೆರಳ ನಡುವಿನ ಸಂದಿಯ ಹಿಂಭಾಗ, ಈ ಮೂರೂ ಕಡೆ ಮುಟ್ಟಿ ಕೇಳಿ. ಮೂರು ನರಗಳು ಅಲ್ಲಿ ಉತ್ತರ ಕೊಡುತ್ತವೆ.

ನೋವಿನ ಔಷಧ ಕೊಟ್ಟ ಮೇಲೂ ನೋವು ಏರುತ್ತಿದೆ, ಬೆರಳು ಬಗ್ಗಿಸಿದರೆ ಚೀರುತ್ತಾರೆ ಅಂದರೆ ಫೋನ್ ಎತ್ತಿಕೊಳ್ಳಿ. “ನೋವು ಜಾಸ್ತಿ ಅಂತಿದ್ದಾರೆ ಸರ್” ಅಂದರೆ ಆ ಕಡೆಯಿಂದ ಇನ್ನೊಂದು ಇಂಜೆಕ್ಷನ್ ಹೇಳಿ ಇಡುತ್ತಾರೆ. “ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನುಮಾನ, ಬೆರಳು ಬಗ್ಗಿಸಿದರೆ ತಡೆಯಲಾಗದ ನೋವು, ಈಗಲೇ ಬಂದು ನೋಡಿ, ಕಟ್ಟು ಬಿಡಿಸಬೇಕಾಗಬಹುದು” ಅನ್ನಿ. ಬಿಡಿಸುವಾಗ ಪ್ಲಾಸ್ಟರ್ ಮಾತ್ರ ಅಲ್ಲ, ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಕತ್ತರಿಸಬೇಕು. ಕರೆ ಮಾಡಿದ ಗಂಟೆ-ನಿಮಿಷವನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಅರ್ಧ ಗಂಟೆಯಲ್ಲಿ ಯಾರೂ ಬರಲಿಲ್ಲವಾದರೆ ಅವರ ಮೇಲಿನವರಿಗೆ ಕರೆ ಮಾಡಿ, ಅದನ್ನೂ ಬರೆಯಿರಿ.