ಪರಿಸರಸ್ನೇಹಿ ಎಚ್‌ಆರ್ (ಸಿಬ್ಬಂದಿ ನಿರ್ವಹಣೆ) ಪದ್ಧತಿಯಿಂದ ನೌಕರರ ಕೆಲಸ ನಿಜಕ್ಕೂ ಸುಧಾರಿಸುತ್ತದಾ?

ಸುಧಾರಿಸುತ್ತದೆ. ಆದರೆ ಗೋಡೆಗೆ ‘ನೀರು ಉಳಿಸಿ’ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಅಲ್ಲ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ, ತರಬೇತಿ ಕೊಡುವಾಗ, ವರ್ಷದ ಕೊನೆಗೆ ಇನ್‌ಕ್ರಿಮೆಂಟ್ ಲೆಕ್ಕ ಹಾಕುವಾಗ, ಎಲ್ಲ ಕಡೆ ಪರಿಸರದ ವಿಷಯವನ್ನೂ ಸೇರಿಸುವುದೇ ಗ್ರೀನ್ ಎಚ್‌ಆರ್. ಇದು ಫಲ ಕೊಡಬೇಕಾದರೆ ಕೆಲಸಗಾರನಿಗೆ ಏನು ಮಾಡಬೇಕು ಅಂತ ಗೊತ್ತಿರಬೇಕು, ಮಾಡುವ ಮನಸ್ಸಿರಬೇಕು, ಹೇಳಲು-ಮಾಡಲು ಅವಕಾಶ ಸಿಗಬೇಕು. ನಮ್ಮ ಕಡೆ ಕೊರತೆ ಜಾಸ್ತಿ ಇರುವುದು ಈ ಮೂರನೆಯದರಲ್ಲೇ.

ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ವರ್ಕ್‌ಶಾಪಿನಲ್ಲಿ ನಾನಿದ್ದಾಗ, ಗಾಳಿಯನ್ನು ಒತ್ತಿ ಯಂತ್ರಗಳಿಗೆ ಕಳಿಸುವ ಕಂಪ್ರೆಸರ್‌ನ ಪೈಪಿನಿಂದ ದಿನವಿಡೀ ಸುಂಯ್ ಅಂತ ಗಾಳಿ ಸೋರುತ್ತಿತ್ತು. ಫಿಟ್ಟರ್ ಕಾಕಾ ಎರಡು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಶೇ. 20ರಿಂದ 30ರಷ್ಟು ಗಾಳಿ ಹೀಗೇ ಸೋರಿಹೋಗುತ್ತದೆ, ಅಂದರೆ ಅಷ್ಟು ಕರೆಂಟೂ ದಂಡ ಅಲ್ವಾ? ಹೊಸ ಮ್ಯಾನೇಜರ್ ಬಂದ ಮೇಲೆ ಪ್ರತಿ ಶನಿವಾರ ಹದಿನೈದು ನಿಮಿಷ ಎಲ್ಲರನ್ನೂ ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಂಡು, ಮುಂದಿನ ವಾರ ಏನು ಮಾಡಿದೆವು ಅಂತ ತಿರುಗಿ ಹೇಳುವ ಪದ್ಧತಿ ತಂದರು. ಕಾಕಾ ಸೋಪಿನ ನೀರು ಹಚ್ಚಿ ಒಂದೇ ಮಧ್ಯಾಹ್ನ ಏಳು ಕಡೆ ಗುಳ್ಳೆ ಏಳುವುದನ್ನು ತೋರಿಸಿದರು. ಸೋರಿಕೆ ನಿಂತಿತು, ಪ್ರೆಷರ್ ಸರಿಯಾಯಿತು, ಆ ಗಾಳಿಯಿಂದಲೇ ನಡೆಯುವ ಗ್ರೈಂಡರ್‌ಗಳು ಮಧ್ಯೆ ಮಧ್ಯೆ ನಿಲ್ಲದೆ ಓಡಿದವು.

ಟಾರ್ಗೆಟ್ ಹಾಗೇ ಇಟ್ಟು, ಮೇಲೆ ಸುಮ್ನೆ ಇನ್ನೊಂದು ರಿಜಿಸ್ಟರ್ ತುಂಬಿ ಅಂದರೆ ಮಾತ್ರ ಜನ ಬೇಸತ್ತು ಕೆಲಸವೇ ಕೆಡುತ್ತದೆ. ಅದರ ಬದಲು ಧಾರವಾಡದಿಂದ ಬರುವವರಿಗೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಪಾಸ್ ಕೊಡಿಸಿ, ಬೈಕ್ ಬಿಟ್ಟು ಆರಾಮವಾಗಿ ಬರುತ್ತಾರೆ.