ಅರೆಮಂಡಿಯ ಲೇಖನದ ಕುರಿತು

ಮಾನ್ಯರೇ,

ಭರತನಾಟ್ಯದಲ್ಲಿ ಪಾದ, ಮಂಡಿಗಳನ್ನು ಹೊರಕ್ಕೆ ತಿರುಗಿಸಿ ಅರ್ಧ ಕುಳಿತಂತೆ ನಿಲ್ಲುವ ಅರೆಮಂಡಿಯ ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಸೊಗಸಾಗಿದೆ, ಆದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಶ್ರದ್ಧೆಯಿಂದ ಅಭ್ಯಾಸ ಮಾಡಿದರೆ ಯಾರ ಪಾದವಾದರೂ ಪೂರ್ತಿ ಪಕ್ಕಕ್ಕೆ ತಿರುಗುತ್ತದೆ, ತಿರುಗದಿದ್ದರೆ ಅದು ಸೋಮಾರಿತನ ಎಂಬ ನಿಮ್ಮ ಮುಖ್ಯ ವಾದವೇ ತಪ್ಪು.

ಕಾಲು ಹೊರಕ್ಕೆ ಹೊರಳಬೇಕಾದದ್ದು ಮುಖ್ಯವಾಗಿ ಸೊಂಟದ ಕೀಲಿನಲ್ಲಿ. ತೊಡೆಮೂಳೆಯ ಕತ್ತು ಮುಂದಕ್ಕೆ ತಿರುಚಿಕೊಂಡಿರುವ ಕೋನ ಹುಟ್ಟುವಾಗ ಸುಮಾರು 30ರಿಂದ 40 ಡಿಗ್ರಿಯಿದ್ದು, ಬೆಳೆದವರಲ್ಲಿ ಸಾಮಾನ್ಯವಾಗಿ 15ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಇಳಿಯದವರ ಕಾಲು ಒಳಕ್ಕೆ ಸಲೀಸಾಗಿ ಹೊರಳುತ್ತದೆ, ಹೊರಕ್ಕೆ ಹೊರಳಲು ಒಪ್ಪುವುದಿಲ್ಲ. ಸ್ನಾಯುಗಳನ್ನು ಪಳಗಿಸಬಹುದು; ಬೆಳವಣಿಗೆ ಮುಗಿದ ಮೂಳೆಯ ತಿರುಚನ್ನು ಯಾವ ಅಡವೂ (ನೃತ್ಯದ ಮೂಲ ಹೆಜ್ಜೆಯೂ) ಬದಲಿಸದು.

ಗುರುಗಳು ಗದರಿದಾಗ ಅಂಥ ವಿದ್ಯಾರ್ಥಿನಿ ಪಾದವನ್ನು ನೆಲಕ್ಕೆ ಒತ್ತಿ, ಮಂಡಿಯಿಂದ ಕೆಳಗಷ್ಟೇ ತಿರುಗಿಸಿಕೊಳ್ಳುತ್ತಾಳೆ. ಆಗ ಮಂಡಿ ಬೆರಳುಗಳ ನೇರಕ್ಕೆ ಬಾರದೆ ಒಳಕ್ಕೆ ವಾಲಿ ಅದರ ಒಳಬದಿಗೆ ಎಳೆತ ಬೀಳುತ್ತದೆ, ಅಂಗಾಲಿನ ಕಮಾನು ಕುಸಿಯುತ್ತದೆ. ಉಳಿದ ಕೊರತೆಯನ್ನು ಹಿಂಭಾಗ ಹೊರಚಾಚಿ ಮುಚ್ಚಿಕೊಂಡರೆ ನೋವು ನಡುವಿಗೂ ಏರಬಹುದು. ಇದೇ ನಿಲುವಿನಲ್ಲಿ, ಸಿಮೆಂಟು ನೆಲದ ಮೇಲೆ, ಪಾದವನ್ನು ನೆಲಕ್ಕೆ ಬಡಿಯುವ ತಟ್ಟಡವನ್ನು ಬರಿಗಾಲಲ್ಲಿ ಮೂರು ಕಾಲಗಳಲ್ಲೂ (ವೇಗಗಳಲ್ಲೂ) ತಟ್ಟುವುದನ್ನು ಊಹಿಸಿಕೊಳ್ಳಿ.

ನೀವು ಮಾದರಿಯೆಂದು ಲಗತ್ತಿಸಿದ ಚಿತ್ರದಲ್ಲೂ ಪಾದಗಳು ಪಕ್ಕಕ್ಕಿವೆ, ಮಂಡಿಚಿಪ್ಪುಗಳು ಮಾತ್ರ ಬಹುಮಟ್ಟಿಗೆ ಮುಂದಕ್ಕೇ ನೋಡುತ್ತಿವೆ. ಆ ನರ್ತಕಿಯ ಮಂಡಿಯಿಂದ ಕೆಳಗಿನ ಕಾಲಿನ ಮೂಳೆಯೇ ಸಹಜವಾಗಿ ಹೊರಕ್ಕೆ ತಿರುಚಿಕೊಂಡಿರಬಹುದು, ಇಲ್ಲವೇ ಆಕೆ ಬಲವಂತ ಮಾಡುತ್ತಿರಬಹುದು. ಪಾದವನ್ನಷ್ಟೇ ನೋಡುವ ಕಣ್ಣಿಗೆ ಎರಡೂ ಒಂದೇ. (ತಮ್ಮ ಮೂಳೆ ಅನುಕೂಲವಾಗಿದ್ದ ಗುರುಗಳಿಗೇ ಇದು ಕಾಣುವುದು ಕಷ್ಟ.)

ಹಾಗೆಂದು ತಿದ್ದುವಾಗ ಎಲ್ಲ ಗಾಯಕ್ಕೂ ಮೂಳೆಯೇ ಕಾರಣವೆಂದು ಬರೆಯಬೇಡಿ; ನೆಲ, ಅಭ್ಯಾಸದ ಅವಧಿ, ಸೊಂಟದ ಸ್ನಾಯುಗಳ ಬಲ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೋರಲು ಮಲಗಿಸಿ, ಮಂಡಿ ಮಡಚಿ, ಸೊಂಟದ ಹೊರಳುವಿಕೆಯನ್ನು ಅಳೆಯುವ ಕ್ರಮವನ್ನು ಫಿಸಿಯೋಥೆರಪಿಸ್ಟರೊಬ್ಬರ ಬಳಿ ಕಣ್ಣಾರೆ ನೋಡಿ ಬಂದು ಬರೆಯಿರಿ. ನೃತ್ಯದ ಮಹಿಮೆ ಸಾರುವ ಮೊದಲ ಪುಟ ಬೇಕಿಲ್ಲ. ಮಂಡಿನೋವಿನಿಂದ ನೃತ್ಯ ಬಿಟ್ಟ ನಿಮ್ಮ ಸಹಪಾಠಿಗೆ ಕೊನೆಯಲ್ಲಿ ಎರಡೇ ಸಾಲು ಕೊಟ್ಟಿದ್ದೀರಿ. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಲೇಖನವನ್ನು ಅಲ್ಲಿಂದಲೇ ಆರಂಭಿಸಿ ಮತ್ತೆ ಕಳುಹಿಸಿ.

ಇಂತು,
ಸಂಪಾದಕ