ನಿಕಾನ್ 1 ಕ್ಯಾಮೆರಾಗಳು ಫೋಟೊಗ್ರಾಫರ್‌ಗಳಿಗೆ ಯಾಕೆ ಹಿಡಿಸಲಿಲ್ಲ? ಈಗ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ನಿಕಾನ್ 1 ಸರಣಿಯ ಜೆ1, ವಿ1 ಕ್ಯಾಮೆರಾಗಳು ಈಗ ಅಗ್ಗಕ್ಕೆ ಸಿಗುತ್ತಿವೆ, ಫೋಕಸ್ ಅಷ್ಟು ಚುರುಕಾಗಿದ್ದ ಪುಟ್ಟ ಕ್ಯಾಮೆರಾವನ್ನು ಫೋಟೊಗ್ರಾಫರ್‌ಗಳು ಯಾಕೆ ಒಪ್ಪಲಿಲ್ಲ, ಮನೆ ಸಮಾರಂಭಕ್ಕೂ ಹಕ್ಕಿ ಫೋಟೊಕ್ಕೂ ಒಂದನ್ನು ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಹಕ್ಕಿಗೆ, ಅದೂ ಒಳ್ಳೆ ಬಿಸಿಲಿದ್ದರೆ, ತೆಗೆದುಕೊಳ್ಳಿ. ಸಮಾರಂಭಕ್ಕೆ ಬೇಡ. ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವ ಪುಟ್ಟ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳುವಾಗಲೂ ಹಾಕಬೇಕಾದ ಲೆಕ್ಕ ಇದೇ.

ಜೆ1 ಮತ್ತು ವಿ1 ಬಂದದ್ದು 2011ರ ಸೆಪ್ಟೆಂಬರ್‌ನಲ್ಲಿ. ಅವುಗಳ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) 13.2 × 8.8 ಮಿ.ಮೀ., ಅಂದರೆ ಸುಮಾರು 116 ಚದರ ಮಿ.ಮೀ. ಆಗ ನಿಕಾನ್‌ನದೇ ಡಿ3100, ಡಿ5100 ಡಿಎಸ್‌ಎಲ್‌ಆರ್‌ಗಳಲ್ಲಿದ್ದ ಡಿಎಕ್ಸ್ ಸೆನ್ಸರ್ ಇದರ ಮೂರು ಪಟ್ಟಿಗಿಂತ ದೊಡ್ಡದು. ಒಲಿಂಪಸ್, ಪ್ಯಾನಸೋನಿಕ್‌ಗಳ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ ಕೂಡ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ಅಪರ್ಚರ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ), ಶಟರ್ ವೇಗ (ಬೆಳಕು ಬೀಳುವ ಸಮಯ) ಎರಡೂ ಒಂದೇ ಇದ್ದರೂ ಡಿಎಕ್ಸ್ ಸೆನ್ಸರ್ ಒಟ್ಟಾರೆ ಮೂರು ಪಟ್ಟು ಬೆಳಕು ಹಿಡಿಯುತ್ತದೆ. ಸ್ಟಾಪ್ ಲೆಕ್ಕದಲ್ಲಿ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಒಂದೂವರೆಗಿಂತ ತುಸು ಹೆಚ್ಚು. ಜೆ1ನಲ್ಲಿ ಐಎಸ್ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಅಂಕಿ) 800ಕ್ಕೆ ಕಾಣುವ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು, ಅದೇ ಕಾಲದ ಡಿಎಕ್ಸ್ ಬಾಡಿಯಲ್ಲಿ ಕಾಣಿಸಿಕೊಳ್ಳುವುದು ಸುಮಾರು 2500ಕ್ಕೆ ಅಂದುಕೊಳ್ಳಿ.

ಎಲ್ಲರೂ ಬೈದದ್ದು ಈ ಸೆನ್ಸರನ್ನೇ. ನನ್ನ ಪ್ರಕಾರ ಅದು ಅರ್ಧ ಉತ್ತರ ಮಾತ್ರ. 2012ರ ಜೂನ್‌ನಲ್ಲಿ ಸೋನಿ ಆರ್‌ಎಕ್ಸ್100 ಬಂತು. ಸೆನ್ಸರ್ ಅಳತೆ ಅದೇ 13.2 × 8.8. ಬೆಲೆಯೂ ಅಮೆರಿಕದಲ್ಲಿ ಜೆ1 ಕಿಟ್‌ನಷ್ಟೇ (ಬಾಡಿ, ಲೆನ್ಸ್ ಸೇರಿ), 650 ಡಾಲರ್. ಅದನ್ನು ಮಾತ್ರ ದೊಡ್ಡ ಕ್ಯಾಮೆರಾ ಇಟ್ಟುಕೊಂಡವರೂ ಎರಡನೇ ಕ್ಯಾಮೆರಾ ಎಂದು ಖುಷಿಯಿಂದ ಕೊಂಡರು. ಸೆನ್ಸರ್ ಅಳತೆ ಒಂದೇ ಆಗಿದ್ದ ಮೇಲೆ ಒಂದು ಗೆದ್ದು ಇನ್ನೊಂದು ಸೋತದ್ದು ಹೇಗೆ?

ಲೆನ್ಸ್ ಹಾಕಿ ನೋಡಿದರೆ ಗೊತ್ತಾಗುತ್ತದೆ. ಜೆ1 ಬಾಡಿಯ ದಪ್ಪ ಸುಮಾರು 30 ಮಿ.ಮೀ. ಅಂಗಡಿಯ ಗಾಜಿನ ಹಿಂದೆ ಬಹಳ ಪುಟ್ಟದಾಗಿ ಕಾಣುತ್ತದೆ. 10-30 ಮಿ.ಮೀ. ಕಿಟ್ ಲೆನ್ಸ್ ಸಿಕ್ಕಿಸಿದರೆ, ಅದನ್ನು ಒಳಗೆ ಮಡಚಿಟ್ಟರೂ, ಒಟ್ಟು ದಪ್ಪ 7 ಸೆಂ.ಮೀ. ದಾಟುತ್ತದೆ. ಪ್ಯಾಂಟಿನ ಜೇಬಿಗೆ ಹೋಗುವುದಿಲ್ಲ, ಚೀಲ ಬೇಕೇ ಬೇಕು. ಆರ್‌ಎಕ್ಸ್100 ಲೆನ್ಸ್ ಸಮೇತ 36 ಮಿ.ಮೀ. ದಪ್ಪ, 240 ಗ್ರಾಂ ತೂಕ. ಬೆಳಕಿನಲ್ಲೂ ಅದೇ ಮುಂದು. ಅದರ ಲೆನ್ಸ್ ಅಗಲದ ತುದಿಯಲ್ಲಿ ಎಫ್/1.8 ತೆರೆಯುತ್ತದೆ (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ನಿಕಾನ್ ಕಿಟ್ ಲೆನ್ಸ್ ಎಫ್/3.5 ಮಾತ್ರ. 3.5ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 3.8 ಬರುತ್ತದೆ, ಅಂದರೆ ಸೋನಿಗೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು. ಹೇಗೂ ಚೀಲ ಹೊರಬೇಕು ಎಂದಾದರೆ ಅದರಲ್ಲಿ ಡಿಎಕ್ಸ್ ಕ್ಯಾಮೆರಾವನ್ನೇ ಇಡಬಹುದು, ಚೀಲ ಬೇಡ ಎಂದಾದರೆ ಆರ್‌ಎಕ್ಸ್100 ಇದೆ. ನಡುವೆ ಉಳಿದ ನಿಕಾನ್ 1ಕ್ಕೆ ಜಾಗವೇ ಇರಲಿಲ್ಲ.

ನಿಮ್ಮ ಸಮಾರಂಭದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕಲ್ಯಾಣ ಮಂಟಪದ ಒಳಗೆ, ವೀಡಿಯೊದವರ ಲೈಟ್ ಬೀಳದ ಕಡೆ, ಎಫ್/1.8, 1/60 ಸೆಕೆಂಡ್, ಐಎಸ್ಓ 800 ಇಟ್ಟರೆ ಚಿತ್ರ ಸರಿಯಾಗಿ ಬರುವಷ್ಟು ಬೆಳಕಿದೆ ಅಂತಿಟ್ಟುಕೊಳ್ಳಿ. ಡಿ5100ಗೆ ಅಗ್ಗದ 35 ಮಿ.ಮೀ. ಎಫ್/1.8 ಡಿಎಕ್ಸ್ ಲೆನ್ಸ್ ಹಾಕಿದವರಿಗೆ ಇದರಲ್ಲಿ ಕಷ್ಟವೇನಿಲ್ಲ. ಜೆ1ನಲ್ಲಿ ಮುಖ ಹತ್ತಿರ ತೆಗೆಯಲು 30 ಮಿ.ಮೀ.ಗೆ ಝೂಮ್ ಮಾಡಿದರೆ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಅದೇ ಶಟರ್ ವೇಗ ಬೇಕಾದರೆ ಐಎಸ್ಓ 7700ರ ಹತ್ತಿರ ಹೋಗಬೇಕು, ಜೆ1ನ ಮಾಮೂಲಿ ಮಿತಿ 3200. ಸಾಲದ್ದಕ್ಕೆ ಈ ಕ್ಯಾಮೆರಾಗಳ ಹೆಸರುವಾಸಿಯಾದ ಫೋಕಸ್ ಕೂಡ ಇಲ್ಲೇ ಕೈಕೊಡುತ್ತದೆ. ಬೆಳಕಿದ್ದಾಗ ಸೆನ್ಸರ್ ಮೇಲಿನ 73 ಫೇಸ್ ಡಿಟೆಕ್ಷನ್ ಬಿಂದುಗಳು (ದೂರವನ್ನು ನೇರವಾಗಿ ಅಳೆಯುವ ಚುರುಕು ವಿಧಾನ) ಕೆಲಸ ಮಾಡುತ್ತವೆ. ಬೆಳಕು ಇಳಿದ ಕೂಡಲೇ ಕ್ಯಾಮೆರಾ ತಾನಾಗಿ ಕಾಂಟ್ರಾಸ್ಟ್ ವಿಧಾನಕ್ಕೆ (ಚಿತ್ರ ಎಲ್ಲಿ ಸ್ಪಷ್ಟವೆಂದು ಹುಡುಕುವ ನಿಧಾನದ ದಾರಿ) ಹೋಗುತ್ತದೆ, ಲೆನ್ಸ್ ಹಿಂದೆ ಮುಂದೆ ಹುಡುಕಾಡುತ್ತದೆ. ಅಷ್ಟರಲ್ಲಿ ಧಾರೆ ಮುಗಿದಿರುತ್ತದೆ.

ಫ್ಲ್ಯಾಶ್ ಹಾಕಿ ಸರಿದೂಗಿಸೋಣವೆಂದರೆ ಅಲ್ಲೂ ತೊಡಕು. ಜೆ1ನಲ್ಲಿ ಯಾಂತ್ರಿಕ ಶಟರ್ ಇಲ್ಲ, ಎಲೆಕ್ಟ್ರಾನಿಕ್ ಮಾತ್ರ. ಫ್ಲ್ಯಾಶ್ ಸಿಂಕ್ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ಶಟರ್ ವೇಗ) 1/60ಕ್ಕೇ ಮುಗಿಯಿತು. ವಿ1ನಲ್ಲಿ ಯಾಂತ್ರಿಕ ಶಟರ್ ಇದೆ, 1/250ರವರೆಗೆ ಸಿಂಕ್ ಆಗುತ್ತದೆ, ಆದರೆ ಬಾಡಿಯಲ್ಲಿ ಫ್ಲ್ಯಾಶ್ ಇಲ್ಲ, ಮಾಮೂಲಿ ಹಾಟ್ ಶೂ (ಹೊರಗಿನ ಫ್ಲ್ಯಾಶ್ ಸಿಕ್ಕಿಸುವ ಜಾಗ) ಕೂಡ ಇಲ್ಲ. ಇದಕ್ಕೆಂದೇ ಮಾಡಿದ ಬೇರೆ ನಮೂನೆಯ ಪೋರ್ಟ್ ಇದೆ, ಅದಕ್ಕೆ ಕೂರುವುದು ಎಸ್‌ಬಿ-ಎನ್5ನಂಥ ಪುಟ್ಟ ಫ್ಲ್ಯಾಶ್‌ಗಳು. ಮನೆಯಲ್ಲಿ ಆಗಲೇ ಇರುವ ನಿಕಾನ್ ಸ್ಪೀಡ್‌ಲೈಟ್, ಸ್ಟುಡಿಯೊ ಟ್ರಿಗರ್ ಯಾವುದೂ ಹತ್ತುವುದಿಲ್ಲ. ಹಳೇ ನಿಕಾನ್ ಬಳಗದವರನ್ನೇ ಹೀಗೆ ಹೊರಗಿಟ್ಟದ್ದು ದೊಡ್ಡ ತಪ್ಪು ಎಂದೇ ನಾನು ಹೇಳುತ್ತೇನೆ.

ಹಿನ್ನೆಲೆ ಮಸುಕಾಗುವ ವಿಷಯವೂ ಇದೇ ಲೆಕ್ಕಕ್ಕೆ ಸೇರಿದ್ದು. ಕ್ರಾಪ್ ಫ್ಯಾಕ್ಟರ್ 2.7, ಅಂದರೆ ಫುಲ್ ಫ್ರೇಮ್‌ನ (36 × 24 ಮಿ.ಮೀ. ಸೆನ್ಸರ್) ಕರ್ಣ ಇದರ 2.7 ಪಟ್ಟು. 30 ಮಿ.ಮೀ. ಎಫ್/5.6ರಲ್ಲಿ ಸಿಗುವ ಮಸುಕು ಫುಲ್ ಫ್ರೇಮ್‌ನಲ್ಲಿ 81 ಮಿ.ಮೀ. ಎಫ್/15ಕ್ಕೆ ಸಮ. ಮದುಮಗಳ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು ಒಂದೊಂದೂ ಎಣಿಸುವ ಹಾಗೆ ಕಾಣುತ್ತದೆ. ಇದಕ್ಕೆ ಮದ್ದಾಗಿ 2013ರಲ್ಲಿ 32 ಮಿ.ಮೀ. ಎಫ್/1.2 ಲೆನ್ಸ್ ಬಂತು. ನಿಜಕ್ಕೂ ಚೆಂದದ ಲೆನ್ಸ್. ಆದರೆ ಬೆಲೆ ಸುಮಾರು 900 ಡಾಲರ್, ಸಿಗುವ ಮಸುಕು ಫುಲ್ ಫ್ರೇಮಿನ 86 ಮಿ.ಮೀ. ಎಫ್/3.2ರಷ್ಟು. ನಿಕಾನ್‌ನದೇ 85 ಮಿ.ಮೀ. ಎಫ್/1.8ಜಿ ಸುಮಾರು 500 ಡಾಲರಿಗೆ ಸಿಗುತ್ತಿತ್ತು.

ಇನ್ನು ಕೈಗೆ ಸಿಗುವ ಗುಂಡಿಗಳ ಮಾತು. ಜೆ1, ವಿ1ಗಳ ಮೋಡ್ ಡಯಲ್‌ನಲ್ಲಿ ಇರುವುದು ನಾಲ್ಕೇ ಗುರುತು: ಫೋಟೊ, ವೀಡಿಯೊ, ಮೋಷನ್ ಸ್ನ್ಯಾಪ್‌ಶಾಟ್, ಸ್ಮಾರ್ಟ್ ಫೋಟೊ ಸೆಲೆಕ್ಟರ್. ಅಪರ್ಚರ್ ಪ್ರಯಾರಿಟಿಗೆ (ಅಪರ್ಚರ್ ನಾವು ಆರಿಸಿ, ಶಟರ್ ವೇಗ ಕ್ಯಾಮೆರಾಕ್ಕೆ ಬಿಡುವ ಮೋಡ್) ಹೋಗಲು ಮೆನು ತೆರೆಯಬೇಕು. ಐಎಸ್ಓ ಮೆನುವಿನಲ್ಲಿ. ವೈಟ್ ಬ್ಯಾಲೆನ್ಸ್ ಮೆನುವಿನಲ್ಲಿ. ನೆರಳಿನಿಂದ ಬಿಸಿಲಿಗೆ ಬಂದಾಗ ಒಂದು ಐಎಸ್ಓ ಬದಲಿಸಲು ಕಣ್ಣನ್ನು ದೃಶ್ಯದಿಂದ ತೆಗೆದು ಪರದೆಯಲ್ಲಿ ಪಟ್ಟಿ ಹುಡುಕಬೇಕೆಂದರೆ, ಬೆರಳಿನ ಅಭ್ಯಾಸದಿಂದ ಕೆಲಸ ಮಾಡುವವರು ಅಂಥ ಕ್ಯಾಮೆರಾವನ್ನು ಒಂದೇ ದಿನಕ್ಕೆ ಕೆಳಗಿಡುತ್ತಾರೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಆ ಕಾಲಕ್ಕೆ ಅಪೂರ್ವ ಯಂತ್ರ. ಫೋಕಸ್ ಬದಲಿಸುತ್ತಲೇ ಸೆಕೆಂಡಿಗೆ 10 ಚಿತ್ರ, ಫೋಕಸ್ ಸ್ಥಿರವಿಟ್ಟರೆ 60. ಅಷ್ಟು ವೇಗ ಬೇಕಾದವರು ಕ್ರೀಡೆ, ಹಕ್ಕಿ ತೆಗೆಯುವ ನುರಿತವರು. ಗುಂಡಿಗಳನ್ನು ಜೋಡಿಸಿದ್ದು ಮಾತ್ರ ಫೋನಿನಿಂದ ಬಂದ ಹೊಸಬರಿಗೆ. ಡಿಎಕ್ಸ್ ಮಾರಾಟಕ್ಕೆ ಪೆಟ್ಟು ಬೀಳಬಾರದೆಂದು ಕಂಪನಿ ಕೈ ಬಿಗಿಹಿಡಿದಿತ್ತು ಎಂದೇ ನನಗೆ ಅನ್ನಿಸುವುದು.

ಮುಂದಿನ ಮಾದರಿಗಳಲ್ಲಿ ತಪ್ಪು ತಿದ್ದಿದರು, ಆದರೆ ಎಲ್ಲವನ್ನೂ ಒಂದೇ ಬಾಡಿಯಲ್ಲಿ ಕೊಡಲಿಲ್ಲ. 2012ರ ವಿ2ಗೆ ಒಳ್ಳೆ ಹಿಡಿ, ಸರಿಯಾದ ಮೋಡ್ ಡಯಲ್, ಫ್ಲ್ಯಾಶ್ ಬಂತು. 2014ರ ವಿ3ರಲ್ಲಿ ವ್ಯೂಫೈಂಡರನ್ನು ಬಾಡಿಯಿಂದ ಬೇರೆ ಮಾಡಿದರು, ಕಿಟ್ ಬೆಲೆ 1200 ಡಾಲರ್. 2015ರ ಜೆ5ರಲ್ಲಿ 20.8 ಮೆಗಾಪಿಕ್ಸೆಲ್‌ನ ಹೊಸ ಸೆನ್ಸರ್, ಇಡೀ ಸರಣಿಯಲ್ಲೇ ಅತ್ಯುತ್ತಮ. ವ್ಯೂಫೈಂಡರ್ ಇಲ್ಲ, ಹಾಕಲು ಜಾಗವೂ ಇಲ್ಲ. ಬ್ಯಾಟರಿಯಂತೂ ಮಾದರಿಗೊಂದು: ವಿ1ಗೆ ಇಎನ್-ಇಎಲ್15, ವಿ2ಗೆ 21, ಜೆ1ಗೆ 20, ಜೆ4ಗೆ 22, ಜೆ5ಗೆ 24. 2018ರಲ್ಲಿ ಸರಣಿ ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ನಿಕಾನ್‌ನ ಫುಲ್ ಫ್ರೇಮ್ ಮಿರರ್‌ಲೆಸ್‌ಗಳಾದ ಝಡ್6, ಝಡ್7 ಘೋಷಣೆಯಾದವು.

ಸೆನ್ಸರ್ ದೊಡ್ಡದಿದ್ದ ಮಾತ್ರಕ್ಕೆ ಗೆಲ್ಲುತ್ತಿತ್ತು ಎನ್ನುವ ಹಾಗೂ ಇಲ್ಲ. ಕ್ಯಾನನ್ 2012ರಲ್ಲಿ ತಂದ ಇಒಎಸ್ ಎಂನಲ್ಲಿ 18 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಹೆಚ್ಚುಕಡಿಮೆ ಡಿಎಕ್ಸ್ ಅಳತೆಯ) ಸೆನ್ಸರ್ ಇತ್ತು. ಫೋಕಸ್ ಎಷ್ಟು ನಿಧಾನವೆಂದರೆ ಓಡಾಡುವ ಮಗುವನ್ನು ಹಿಡಿಯುವುದು ಕಷ್ಟ. 2013ರ ಫರ್ಮ್‌ವೇರ್‌ನಿಂದ (ಕ್ಯಾಮೆರಾ ಒಳಗಿನ ತಂತ್ರಾಂಶ) ಸುಧಾರಿಸಿತು, ಅಷ್ಟು ಹೊತ್ತಿಗೆ ಹೆಸರು ಕೆಟ್ಟಿತ್ತು.

ಈಗ ಹಕ್ಕಿಗೆ ಬನ್ನಿ, ಈ ಸರಣಿ ನಿಜವಾಗಿ ಗೆದ್ದ ಜಾಗ ಅದು. 70-300 ಮಿ.ಮೀ. ಎಫ್/4.5-5.6 ಸಿಎಕ್ಸ್ (ನಿಕಾನ್ 1 ಸೆನ್ಸರ್ ಅಳತೆಯ ಹೆಸರು) ಲೆನ್ಸ್ ತೂಗುವುದು 550 ಗ್ರಾಂ, ಕೊನೆಯಲ್ಲಿ 810 ಮಿ.ಮೀ.ಗೆ ಸಮನಾದ ನೋಟ ಕೊಡುತ್ತದೆ. ಬೋಳು ಬಿಸಿಲಿನಲ್ಲಿ ಎಫ್/5.6, ಐಎಸ್ಓ 200ಕ್ಕೆ ಶಟರ್ 1/1600 ಸಿಗುತ್ತದೆ, ರಂಗನತಿಟ್ಟಿನ ದೋಣಿಯಲ್ಲಿ ಕೂತು ಹಾರುವ ಬೆಳ್ಳಕ್ಕಿಗೂ ಸಾಕು. ಅದೇ ದಟ್ಟ ಮರದ ನೆರಳಿನಲ್ಲಿ ಬೆಳಕು ಐದು ಸ್ಟಾಪ್ ಇಳಿದರೆ 1/50ಕ್ಕೆ ಬರುತ್ತದೆ. 1/800 ಬೇಕೆಂದರೆ ಐಎಸ್ಓ 3200, ಗರಿಗಳ ವಿವರವೆಲ್ಲ ಕಲಸಿಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟರ ನಂತರ, ಬಯಲಿನಲ್ಲಿ ಬಳಸಿ. ಮನೆಯಲ್ಲಿ ನಿಕಾನ್ ಡಿಎಸ್‌ಎಲ್‌ಆರ್ ಲೆನ್ಸ್‌ಗಳಿದ್ದರೆ ಅವನ್ನು ಈ ಬಾಡಿಗೆ ಕೂರಿಸುವ ಎಫ್‌ಟಿ1 ಅಡಾಪ್ಟರ್ ಹುಡುಕಿ. ಎಎಫ್-ಎಸ್ (ಒಳಗೇ ಫೋಕಸ್ ಮೋಟಾರ್ ಇರುವ) ಲೆನ್ಸ್‌ಗಳು ಮಾತ್ರ ಆಟೊಫೋಕಸ್ ಆಗುತ್ತವೆ, ಅದೂ ನಡುವಿನ ಒಂದೇ ಬಿಂದುವಿನಲ್ಲಿ. ಚಲಿಸುವುದನ್ನು ಹಿಂಬಾಲಿಸುವ ಫೋಕಸ್ ಅಡಾಪ್ಟರಿನ ಫರ್ಮ್‌ವೇರ್ ಹೊಸದಾಗಿದ್ದರೆ ಮಾತ್ರ ಸಿಗುತ್ತದೆ. ಬಾಡಿ ವ್ಯೂಫೈಂಡರ್ ಇರುವ ವಿ ಸರಣಿಯದ್ದೇ ಇರಲಿ. 810 ಮಿ.ಮೀ. ನೋಟವನ್ನು ಕೈ ಮುಂದೆ ಚಾಚಿ, ಪರದೆ ನೋಡಿಕೊಂಡು ಹಿಡಿದರೆ ಹಕ್ಕಿ ಚೌಕಟ್ಟಿನೊಳಗೆ ನಿಲ್ಲುವುದೇ ಇಲ್ಲ.

ಕೊಳ್ಳುವ ಮುಂಚೆ ಲೆನ್ಸನ್ನು ಹೀಗೆ ಪರೀಕ್ಷೆ ಮಾಡಿ. ಕಿಟ್ ಲೆನ್ಸ್‌ಗಳ ಅಪರ್ಚರ್ ಕೈಕೊಡುವ ದೂರು ಈ ಸರಣಿಯಲ್ಲಿ ಸಾಮಾನ್ಯ. ಅಪರ್ಚರ್ ಪ್ರಯಾರಿಟಿ ಇಟ್ಟು, ಬೆಳಕು ಬದಲಾಗದ ಒಂದು ಗೋಡೆಯನ್ನು ಎಫ್/3.5, ಎಫ್/5.6, ಎಫ್/11ರಲ್ಲಿ ತೆಗೆಯಿರಿ. ಮೂರರಲ್ಲೂ ಗೋಡೆಯ ಬೆಳಕು ಒಂದೇ ಸಮ ಇರಬೇಕು. ಎಫ್/11ರದ್ದು ಬೆಳ್ಳಗೆ ಹೊಡೆದಿದ್ದರೆ ಒಳಗಿನ ಎಲೆಗಳು ಮುಚ್ಚುತ್ತಿಲ್ಲ ಎಂದರ್ಥ, ಅದನ್ನು ಬಿಟ್ಟುಬಿಡಿ. ಝೂಮ್ ಮಾಡುವಾಗ ಪರದೆಯಲ್ಲಿ ಲೆನ್ಸ್ ದೋಷದ ಸೂಚನೆ ಒಮ್ಮೆ ಬಂದರೂ ಬೇಡ. ಚಾರ್ಜರ್ ಜೊತೆಗೇ ಕೇಳಿ ಪಡೆಯಿರಿ. ಜೆ4, ಜೆ5, ವಿ3ಗಳಿಗೆ ಮೈಕ್ರೋಎಸ್‌ಡಿ ಕಾರ್ಡ್ ಬೇಕು, ನಿಮ್ಮ ಹಳೇ ದೊಡ್ಡ ಎಸ್‌ಡಿ ಕಾರ್ಡ್ ಹಿಡಿಯುವುದಿಲ್ಲ. ಈ ಲೆನ್ಸ್‌ಗಳನ್ನು ಮುಂದೆ ಝಡ್ ಬಾಡಿಗೆ ಹಾಕಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಬೇಡಿ. ಮೌಂಟಿನಿಂದ (ಲೆನ್ಸ್ ಕೂರುವ ಬಳೆ) ಸೆನ್ಸರಿಗೆ ಇರುವ ದೂರ ನಿಕಾನ್ 1ರಲ್ಲಿ 17 ಮಿ.ಮೀ., ಝಡ್‌ನಲ್ಲಿ 16. ನಡುವೆ ಉಳಿಯುವ ಒಂದು ಮಿ.ಮೀ.ನಲ್ಲಿ ಆಟೊಫೋಕಸ್ ಅಡಾಪ್ಟರ್ ಕೂರಿಸಲು ಜಾಗವಿಲ್ಲ. ಸಮಾರಂಭಕ್ಕೆ ಬೇಕಾದ್ದು ಡಿ5100 ಅಥವಾ ಅದಕ್ಕಿಂತ ಹೊಸ ಡಿಎಕ್ಸ್ ಬಾಡಿ, 35 ಮಿ.ಮೀ. ಎಫ್/1.8 ಡಿಎಕ್ಸ್ ಲೆನ್ಸ್, ಮೇಲೊಂದು ಚಾವಣಿಗೆ ತಿರುಗಿಸಬಹುದಾದ ಫ್ಲ್ಯಾಶ್.